ನಲವತ್ತರ ಕೌಂಟು

ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ ಜಬೀವುಲ್ಲನ ಅಂಗಡಿ.
ಬಲೆ, ಹಗ್ಗ, ಇಲಿಬೋನು,
ಹೋದ ವರ್ಷದಿಂದ ಗಾಳದ ಸಾಮಾನು.
‘ಮೊಮ್ಮಗನಿಗೇನವ್ವ?’ ಅಂದ.
ನನಗೇ, ಅಂದೆ.
ಗಾಜು ಒರೆಸುತ್ತಿದ್ದ ಕೈ ನಿಂತಿತು, ಅಷ್ಟೇ.
ಒಳ್ಳೆಯ ಹುಡುಗ, ನಗಲಿಲ್ಲ.

ಐದು ಉಂಡೆ ದಾರ ಹರವಿದ.
ಇದು ಜಪಾನು, ಇದು ಹತ್ತು ಕಿಲೋ ತಡೀತೈತಿ,
ಇದು ನೀರಲ್ಲಿ ಕಾಣೋದೇ ಇಲ್ಲ ನೋಡ್ರಿ.
ನಾನು ಕನ್ನಡಕ ತೆಗೆದಿಟ್ಟೆ.
ಹದಿನೇಳು ವರ್ಷ ಮಿಲ್ಲಿನ ರೀಲಿಂಗು ಖಾತೆ,
ಮೂರನೇ ಪಾಳಿಯಲ್ಲಿ ಕರೆಂಟು ಹೋದಾಗಲೂ
ಇಪ್ಪತ್ತರ ಕೌಂಟು ಯಾವುದು, ನಲವತ್ತರದು ಯಾವುದು
ಕೆಳತುಟಿಗೆ ಎಳೆದು ಹೇಳಿದವಳು ನಾನು.
ಹಾಗೇ ಎಳೆದೆ, ಗಿರಾಕಿಗಳೆದುರೇ.
ಜಪಾನಿನದು ಮೊಳಕ್ಕೊಮ್ಮೆ ತಡವರಿಸಿತು.
ಹಸಿರು ಹೆಣಿಗೆಯದು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹರಿಯಿತು.
ಇದನ್ನು ಕೊಡು.

ಆಮೇಲೆ ಕಪ್ಪೆ.
ಗೋಡೆ ತುಂಬ ರಬ್ಬರಿನ ಕಪ್ಪೆಗಳು ನೇತಾಡುತ್ತಿದ್ದವು,
ಒಂದಕ್ಕೆ ಚಿರತೆಯ ಮಚ್ಚೆ,
ಒಂದಕ್ಕೆ ಬ್ಯಾಂಡಿನವರ ತೋಳಿನ ಹಾಗೆ ಜರಿ.
ಮುನ್ನೂರೈವತ್ತು ರೂಪಾಯಿ!
ಆ ದುಡ್ಡಿಗೆ ಕೊರಮೀನೇ ಬರುತ್ತದಲ್ಲೋ ಸಂತೆಯಲ್ಲಿ?
‘ಬರ್ತೈತವ್ವ. ಆದ್ರೆ ಅದು ನಿಮ್ಮನ್ನ ತಿರುಗಿ ನೋಡಲ್ಲ.’

ಬಣ್ಣವೆಲ್ಲ ಬೆನ್ನ ಮೇಲಿತ್ತು.
ಕೊಳ್ಳುವವರು ನೋಡುವುದು ಬೆನ್ನು,
ಮೀನು ನೋಡುವುದು ಹೊಟ್ಟೆ.
ಗಾಳ ಎರಡು ಕೊಂಡು ಮನೆಗೆ ಬಂದು
ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದೆ,
ಸೈಕಲ್ ಟ್ಯೂಬಿನ ಎರಡು ಪಟ್ಟಿ, ಕಾಲಿಗೆ.
ಕರಿ ಬಣ್ಣವೇ ಇರಲಿ ಅಂತ ಬಿಟ್ಟೆ.
ಸಂಜೆಯ ಬೆಳಕಿಗೆ ಅಡ್ಡ ಬಂದದ್ದು
ಯಾವ ಬಣ್ಣದ್ದಾದರೂ ಕೆಳಗಿನವರಿಗೆ ಕರಿಯೇ.

ಕೊಂಡಜ್ಜಿ ಕೆರೆಗೆ ಮೈಬೂಬಿಯೂ ಬಂದಳು,
ಭಟ್ಟಿಗೆ ರಜೆ, ಮಡಿಲಲ್ಲಿ ಮಂಡಕ್ಕಿ.
ಜೊಂಡಿನ ಅಂಚಿಗೆ ಬೀಸಿದೆ. ಮೊದಲ ಸಲ ಗಿಡಕ್ಕೆ,
ಎರಡನೇ ಸಲ ನನ್ನದೇ ಸೆರಗಿಗೆ.
ಅವಳು ನಕ್ಕು ಮಂಡಕ್ಕಿ ಗಂಟಲಿಗೆ ಸಿಕ್ಕಿಸಿಕೊಂಡಳು.
ಹನ್ನೊಂದನೆಯದೋ ಹನ್ನೆರಡನೆಯದೋ
ಅಂತರಗಂಗೆಯ ಮೇಲೆ ತಟ್ಟನೆ ಕೂತಿತು,
ಕಪ್ಪೆ ಕೂತ ಹಾಗೇ.

ಆಗ ಕಂಡದ್ದು:
ಬಿಳಲುಗಳ ನಡುವೆ ಒಂದು ಬೊಗಸೆಯಷ್ಟು ನೀರು ಕೆಂಪಗೆ,
ಒಣಮೆಣಸಿನ ಬೀಜ ಕುದ್ದ ಹಾಗೆ ಮಿಡುಕುತ್ತಿತ್ತು.
‘ಮರಿ,’ ಅಂದಳು ಮೈಬೂಬಿ. ‘ತಾಯಿ ಕೆಳಗೈತಿ.
ಈಗ ಎಳೆದು ನೋಡು. ಹಸಿವಿಲ್ದಿದ್ರೂ ಹೊಡೀತೈತಿ.’

ಜೊಂಡು ಲೆಕ್ಕ ಹಾಕಿದ್ದೆ, ಬೆಳಕು, ಗಾಳಿ, ದಾರದ ಕೌಂಟು.
ಸಿಟ್ಟಿನ ಲೆಕ್ಕ ಹಾಕಿರಲಿಲ್ಲ.

ಮಿಲ್ಲಿನ ಗೇಟಿಗೆ ಬೀಗ ಬಿದ್ದ ಬೆಳಿಗ್ಗೆ
ಮಗಳು ಸೊಂಟದಲ್ಲಿ, ಕೈಯಲ್ಲಿ ಕಬ್ಬಿಣದ ಬಾಬಿನ್ನು.
ಮ್ಯಾನೇಜರ ಕಾರಿನ ಗಾಜು ಪೂರ್ತಿ ಉದುರಿತು.
‘ಹಸಿದವರ ಆಕ್ರೋಶ’ ಅಂತ ಪೇಪರಿನಲ್ಲಿ ಬಂತು.
ಹಸಿವಾಗಿರಲಿಲ್ಲ ನನಗೆ.
ಉಪ್ಪಿಟ್ಟು ತಿಂದೇ ಹೋಗಿದ್ದೆ.

ಎಳೆಯಬಾರದು ಅಂದುಕೊಂಡೆನೋ,
ಅಂದುಕೊಳ್ಳುವಷ್ಟರಲ್ಲಿ ಕೈ ಎಳೆಯಿತೋ,
ಕೆರೆ ಒಂದು ಕಡೆ ಬಾಯಿ ತೆರೆದು ಮುಚ್ಚಿತು.
ದಾರ ಕಿವಿಯವರೆಗೆ ಹಾಡಿತು, ಗಿಲಕಿ ಕಿರುಚಿತು,
ಮೊಣಕೈತನಕ ನಾನು ಆ ಸಿಟ್ಟಾದೆ.
ಆಮೇಲೆ ಸಡಿಲ.
ಕಪ್ಪೆ ವಾಪಸು ಬಂತು, ಒಂದು ಕಾಲಿಲ್ಲದೆ.
ಕೆಂಪು ಬೊಗಸೆ ಎರಡು ಮಾರು ಆಚೆ ಹೋಗಿ
ಮತ್ತೆ ಮಿಡುಕತೊಡಗಿತು.
‘ಇನ್ನೊಂದು ಸಲ?’ ಅಂದಳು ಅವಳು.
ಮಂಡಕ್ಕಿ ಕೊಡು, ಅಂದೆ.

ರಾತ್ರಿ ದಾರ ಬಿಚ್ಚಿ, ಒರೆಸಿ, ತುಟಿಗೆ ಎಳೆದೆ.
ಪಾಚಿಯ ವಾಸನೆ. ಉದ್ದಕ್ಕೂ ನಯ,
ಕೊನೆಯ ಗೇಣಿನಲ್ಲಿ ಮಾತ್ರ ಒರಟು, ಹಲ್ಲು ತಾಗಿದ ಜಾಗ.
ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಬೇಕು,
ಜಬೀವುಲ್ಲನೂ ಅದನ್ನೇ ಹೇಳಿದ.
ಕತ್ತರಿ ಇಲ್ಲೇ ಇದೆ.
ಇನ್ನೂ ಹಾಕಿಲ್ಲ.